ಹುಲಿಗೆಮ್ಮನ ಪಾಸ್‌ಬುಕ್

ಚಕ್ರಬಡ್ಡಿಯ ಲೆಕ್ಕವನ್ನು ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಕಲಿಸಿದವನು ನಾನು. ಮೊದಲ ಕೆಲವು ವರ್ಷ ನನ್ನ ಹೆಸರಿನಲ್ಲಿ ಒಂದು ಪಾಸ್‌ಬುಕ್ ಕೂಡ ಇರಲಿಲ್ಲ ಎಂಬುದನ್ನು ನಿಮ್ಮ ಕಿವಿಯಲ್ಲಷ್ಟೇ ಹೇಳುತ್ತಿದ್ದೇನೆ. ರಾಮನ ಐನೂರು ರೂಪಾಯಿ ಮೂರು ವರ್ಷದಲ್ಲಿ ಎಷ್ಟಾಯಿತೆಂದು ಬೋರ್ಡಿನ ಮೇಲೆ ಪೈಸೆ ಸಮೇತ ತೋರಿಸುತ್ತಿದ್ದೆ. ನನ್ನ ಪಗಾರ ಇಪ್ಪತ್ತು ದಿನದಲ್ಲಿ ಎಲ್ಲಿಗೆ ಹೋಯಿತೆಂದು ಮಾತ್ರ ಹೇಳಲು ಬರುತ್ತಿರಲಿಲ್ಲ.

ಎಪ್ಪತ್ತರ ದಶಕ. ಕಂಪ್ಲಿಯಲ್ಲಿ ಮೊದಲ ನೌಕರಿ, ಇನ್ನೂ ಮದುವೆಯಾಗಿರಲಿಲ್ಲ. ಕಾಲುವೆ ನೀರಿನ ದಯೆಯಿಂದ ಸುತ್ತಲೂ ಭತ್ತ, ಕಬ್ಬು, ಬಾಳೆ. ಊರಿನವರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ನನ್ನ ಕೈಯಲ್ಲೂ ಓಡಾಡುತ್ತಿತ್ತು, ನಿಲ್ಲುತ್ತಿರಲಿಲ್ಲ ಅಷ್ಟೆ. ಬೆಳಗ್ಗೆ ಹೋಟೆಲಿನ ದೋಸೆ, ಸಂಜೆ ಇನ್ನೊಂದು ದೋಸೆ, ಮೂರು ವಾರಪತ್ರಿಕೆ, ಭಾನುವಾರ ಬಸ್ಸು ಹತ್ತಿ ಹೊಸಪೇಟೆಯಲ್ಲಿ ಸಿನಿಮಾ. ಹಂಪಿ ಬಜಾರಿನಲ್ಲಿ ಹಿಂದೆ ಮುತ್ತುರತ್ನಗಳನ್ನು ರಾಶಿ ಹಾಕಿ ಮಾರುತ್ತಿದ್ದರೆಂದು ನಮ್ಮ ಶಾಲೆಯ ಇತಿಹಾಸದ ಮೇಷ್ಟ್ರು ಎದೆಯುಬ್ಬಿಸಿ ಹೇಳುವಾಗ, ಕೊಂಡವರೆಲ್ಲ ತಿಂಗಳ ಕೊನೆಯ ವಾರ ಏನು ಮಾಡುತ್ತಿದ್ದರೆಂದು ಕೇಳಬೇಕೆನಿಸುತ್ತಿತ್ತು. ಕೇಳುತ್ತಿರಲಿಲ್ಲ. ಕೈಗಡಕ್ಕೆ ಅವರ ಬಳಿಯೇ ಹೋಗಬೇಕಿತ್ತು.

ನನ್ನ ಬಾಡಿಗೆ ಕೋಣೆಯ ಹಿಂದಿನ ಗುಡಿಸಲಿನಲ್ಲಿ ಹುಲಿಗೆಮ್ಮ ಒಬ್ಬಳೇ ಇದ್ದಳು. ಗಂಡ ತೀರಿಹೋಗಿದ್ದ. ಯಾರ ಗದ್ದೆಯಲ್ಲಿ ನಾಟಿಯೋ ಅಲ್ಲಿ ಕೂಲಿ. ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ ನೋಟುಗಳನ್ನು ಇಲಿ ಕಡಿದು ಹಾಕಿದ ಮೇಲೆ ಅಂಚೆ ಕಚೇರಿಯಲ್ಲಿ ಖಾತೆ ತೆರೆದಿದ್ದಳು. ಒಂದು ದಿನ ಆ ಪಾಸ್‌ಬುಕ್ ಹಿಡಿದು ಗಾಬರಿಯಿಂದ ನನ್ನ ಬಾಗಿಲಿಗೆ ಬಂದಳು.

"ಮಾಸ್ತರ, ನಾ ಇಟ್ಟಿದ್ದಕ್ಕಿಂತ ಮೂರು ರೂಪಾಯಿ ಜಾಸ್ತಿ ಬರದಾರಂತ. ಯಾರ್ದರ ದುಡ್ಡು ತಪ್ಪಿ ಬಂದೈತೇನ್ರಿ? ವಾಪಸ್ ಕೊಡ್ಬೇಕೇನು?"

ಅದು ಬಡ್ಡಿ ಎಂದೆ. ಬಡ್ಡಿಯೆಂದರೆ ತಾನು ಕೊಡುವುದು ಎಂದಷ್ಟೇ ಅವಳಿಗೆ ಗೊತ್ತಿತ್ತು. ತನಗೂ ಯಾರೋ ಕೊಡುತ್ತಾರೆಂದರೆ ನಂಬಲೊಲ್ಲಳು. ನಾನು ಉತ್ಸಾಹದಿಂದ ಪಾಠ ಶುರು ಮಾಡಿದೆ. ಭತ್ತ ಬಿತ್ತಿದರೆ ಬೆಳೆ ಬರುತ್ತದೆ. ಬಂದದ್ದನ್ನು ಉಣ್ಣದೆ ಮತ್ತೆ ಬಿತ್ತಿದರೆ ಇನ್ನೂ ದೊಡ್ಡ ಬೆಳೆ. ಹತ್ತನೆಯ ತರಗತಿಗೆ ಒಂದು ವಾರ ಹಿಡಿಯುತ್ತಿದ್ದದ್ದು ಅವಳಿಗೆ ಐದು ನಿಮಿಷದಲ್ಲಿ ತಿಳಿಯಿತು.

"ಹಂಗಾರ ನಿಮ್ದು ಭಾಳ ಬೆಳದಿರಬೇಕಲ್ರಿ. ನಿಮ್ ಬುಕ್ ತೋರಿಸ್ರಿ, ನೋಡೂಣು."

ನಾನು ಕೆಮ್ಮಿದೆ. ಅವಳು ನನ್ನ ಮುಖ ನೋಡಿದಳು, ಗೋಡೆಗೆ ಒರಗಿಸಿದ್ದ ವಾರಪತ್ರಿಕೆಗಳ ರಾಶಿ ನೋಡಿದಳು. ಮುಂದಿನ ಪಗಾರದ ದಿನ ಅರ್ಧ ದಿನದ ಕೂಲಿ ಬಿಟ್ಟು ಶಾಲೆಯ ಗೇಟಿನ ಬಳಿ ಬಂದು ನಿಂತಿದ್ದಳು. "ನಡೀರಿ, ಜಲ್ದಿ. ಪೋಸ್ಟ್ ಬಾಗಲಾ ಹಾಕ್ತಾರ."

ಹೀಗೆ ನನ್ನ ಹೆಸರಿನಲ್ಲಿ ತಿಂಗಳಿಗೆ ಇಪ್ಪತ್ತು ರೂಪಾಯಿಯ, ಐದು ವರ್ಷದ ಖಾತೆಯೊಂದು ಹುಟ್ಟಿತು. ಖರ್ಚು ಕಳೆದು ಮಿಕ್ಕದ್ದೇ ಉಳಿತಾಯವೆಂದು ನಾನು ತಿಳಿದಿದ್ದೆ. ಅವಳು ಮೊದಲು ಉಳಿತಾಯವನ್ನೇ ಕಳೆಯುತ್ತಿದ್ದಳು, ಮಿಕ್ಕದ್ದರಲ್ಲಿ ಬದುಕುತ್ತಿದ್ದಳು. ಗಣಿತದ ಮೇಷ್ಟ್ರಿಗೆ ಕಳೆಯುವ ಲೆಕ್ಕವನ್ನು ಹೀಗೆ ಹೊಸದಾಗಿ ಕಲಿಯಬೇಕಾಯಿತು; ಸಂಜೆಯ ದೋಸೆ ನಿಂತಿತು.

ಖಾತೆಯ ಮೂರನೆಯ ವರ್ಷ ನನಗೆ ಮದುವೆಯಾಯಿತು. ಅದೇ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಹಳೆಯ ಸ್ಕೂಟರ್ ಮಾರುವವರಿದ್ದರು. ಹೆಂಡತಿ ಸರೋಜಾಳನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತುವ ಕನಸು ಕಂಡೆ. ಖಾತೆಯಿಂದ ಅರ್ಧ ದುಡ್ಡು ತೆಗೆಯುವ ಅರ್ಜಿ ತುಂಬಿಕೊಂಡು ಅಂಚೆ ಕಚೇರಿಗೆ ಹೋದರೆ ಕಟ್ಟೆಯ ಮೇಲೆ ಹುಲಿಗೆಮ್ಮ ಕೂತಿದ್ದಳು.

"ಅದೇನ್ ಕಾಗದಾರಿ?"

"ಸ್ಕೂಟರ್ ತಗೋಬೇಕಂತ ಮಾಡೀನಿ ಹುಲಿಗೆಮ್ಮ."

"ನಿಮ್ ಸಾಲಿ ಎಷ್ಟ್ ದೂರ ಐತ್ರಿ?"

ಸುಳ್ಳು ಹೇಳುವಂತಿರಲಿಲ್ಲ. ಶಾಲೆಯ ಗಂಟೆ ಅಲ್ಲಿಗೇ ಕೇಳಿಸುತ್ತಿತ್ತು.

"ಬಿತ್ತಾಕಿಟ್ಟ ನೆಲ್ಲು ಕುಟ್ಟಿ ಉಣ್ಣೋರ್ನ ಕಂಡೀನಿ ಮಾಸ್ತರ. ಹೊಟ್ಟಿ ಹಸ್ದಿರತೈತಿ, ಪಾಪ. ಹಸಿವಿಲ್ದ ಉಣ್ಣೋರ್ನ ಇವತ್ತ ನೋಡಿದೆ."

ನನಗೆ ಭಾರಿ ಸಿಟ್ಟು ಬಂತು. ಮನೆಯವರೆಗೂ ಸಿಟ್ಟಿನಲ್ಲೇ ನಡೆದೆ. ಅರ್ಜಿಯನ್ನು ಮಾತ್ರ ಒಳಗೆ ಕೊಟ್ಟಿರಲಿಲ್ಲ.

ಐದು ವರ್ಷ ತುಂಬಿತು. ಸಾವಿರದ ಇನ್ನೂರರ ಮೇಲೆ ಬಡ್ಡಿಯೂ ಸೇರಿ ಬಂದ ನೋಟುಗಳನ್ನು ಸರೋಜಾಳ ಕೈಗಿತ್ತು, ಸೀರೆ ತಗೋ ಎಂದೆ. ಅವಳು ನೋಟುಗಳನ್ನು ಎಣಿಸಿ ಮಡಚಿ, "ನಾ ಬಳ್ಳಾರಿಗೆ ಹೋಗಿ ಟೀಚರ್ ಟ್ರೇನಿಂಗ್ ಮಾಡ್ಲೇನ್ರಿ?" ಎಂದಳು. ಹತ್ತನೆಯ ತರಗತಿ ಪಾಸಾಗಿದ್ದ ಅವಳ ಮನಸ್ಸಿನಲ್ಲಿ ಈ ಆಸೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷದ ಹಾಸ್ಟೆಲಿನ ಖರ್ಚಿನ ಬಹುಪಾಲನ್ನು ಆ ದುಡ್ಡೇ ನೋಡಿಕೊಂಡಿತು. ಮುಂದೆ ಅವಳು ಪಕ್ಕದ ಹಳ್ಳಿಯ ಶಾಲೆಗೆ ಟೀಚರಾದಳು. ಸ್ಕೂಟರ್ ಕೊಂಡವರು ಅದನ್ನು ತಳ್ಳಿಕೊಂಡು ಹೋಗುವಾಗ ಎಷ್ಟೋ ಸಲ ನಾನೂ ಕೈ ಹಾಕಿದ್ದೇನೆ. ತಳ್ಳುವಾಗಲೆಲ್ಲ ಮನಸ್ಸಿನಲ್ಲೇ ಹುಲಿಗೆಮ್ಮನಿಗೆ ಕೈ ಮುಗಿದಿದ್ದೇನೆ.

ಅವಳೇನು ಸುಮ್ಮನಿದ್ದಳೇ? ಅಂಚೆಯ ದುಡ್ಡಿಗೆ ಎಮ್ಮೆ ಬಂತು, ಹಾಲಿನ ದುಡ್ಡು ಮತ್ತೆ ಅಂಚೆಗೆ ಹೋಯಿತು. ಎಂಬತ್ತರ ದಶಕದಲ್ಲಿ ಒಂದು ದಿನ, ಕಾಲುವೆಯ ಕೊನೆಯಲ್ಲಿ ಅರ್ಧ ಎಕರೆ ಕೊಂಡೆನೆಂದು ಹೇಳಿ, ನಾಟಿಗೆ ನಮ್ಮಿಬ್ಬರನ್ನೂ ಕರೆದಳು.

ಹೋದೆವು. ಜತೆಗೆ ಕೂಲಿ ಮಾಡಿದ ಗೆಳತಿಯರೇ ಇವತ್ತು ಅವಳ ಗದ್ದೆಯಲ್ಲಿ ಬಗ್ಗಿದ್ದರು. ನಾನೂ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದು ಒಂದು ಸಾಲು ನೆಟ್ಟೆ. ಹಿಂತಿರುಗಿ ನೋಡಿದರೆ ಹುಲಿಗೆಮ್ಮ ಅದನ್ನೆಲ್ಲ ಕಿತ್ತು ಮತ್ತೆ ನೆಡುತ್ತಿದ್ದಳು. ಸಂಜೆ ಎಲ್ಲರಿಗೂ ಕೂಲಿ ಕೊಡುತ್ತಾ ನನ್ನ ಕೈಗೂ ಐದು ರೂಪಾಯಿ ಇಟ್ಟಳು.

"ಅರ್ಧಾಳಿಂದು. ನಿಮ್ ಕೆಲ್ಸಕ್ಕ ಅದೂ ಜಾಸ್ತಿ."

ನಾನು ಒಳ್ಳೆಯ ವಿದ್ಯಾರ್ಥಿಯ ಹಾಗೆ, "ನಾಳೆ ಪೋಸ್ಟಿಗೆ ಕಟ್ತೀನಿ" ಎಂದೆ.

"ಬ್ಯಾಡ್ರಿ ಮಾಸ್ತರ! ಇವತ್ತಿಂದು ಇವತ್ತ ಉಣ್ಣೂಣು. ಹೋಗ್ರಿ, ಎಲ್ರಿಗೂ ಬಿಸಿ ಮಿರ್ಚಿ ಭಜಿ ತರ್ರಿ."

ತಂದೆ. ಕೆಸರುಗಾಲಿನಲ್ಲೇ ಎಲ್ಲರೂ ಬದುವಿನ ಮೇಲೆ ಕೂತೆವು. ಹುಲಿಗೆಮ್ಮ ಎಲ್ಲರಿಗೂ ಹಂಚಿ, ಉಳಿದ ಕೊನೆಯ ಮಿರ್ಚಿಯನ್ನು ತಾನು ಮುರಿದುಕೊಂಡಳು. ಪಾಸ್‌ಬುಕ್ ಕೈಗೆ ಬಂದ ಮೇಲೆ, ಖರ್ಚಾಯಿತಲ್ಲ ಎಂದು ನನ್ನ ಮನಸ್ಸು ಚುರ್ ಎನ್ನದ ಮೊದಲ ಐದು ರೂಪಾಯಿ ಅದು.