ಗೋಣಿಚೀಲದ ಮೇಲೆ ಅತ್ತೆಯ ಊಟ

ಕಾರು ಕೊಂಡು ತಿಂಗಳೂ ಆಗಿರಲಿಲ್ಲ. ನಾರಾವಿಯ ಸೋದರತ್ತೆಯನ್ನು ಬಂಟ್ವಾಳಕ್ಕೆ ಕಣ್ಣು ತೋರಿಸಲು ಕರೆದೊಯ್ಯುವ ಹೊಣೆಯನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ. ನಿಜ ಹೇಳಬೇಕೆಂದರೆ, ಅತ್ತೆಯ ಕಣ್ಣಿಗಿಂತ ನನ್ನ ಕಾರಿನ ಚಿಂತೆಯೇ ನನಗೆ ದೊಡ್ಡದಿತ್ತು. ಅದನ್ನು ನಾಲ್ಕು ಜನ ನೋಡಬೇಡವೇ?

ಅತ್ತೆಗೆ ಎಂಬತ್ತು ದಾಟಿದೆ. ನಮ್ಮ ಜೈನರ ಮನೆಗಳಲ್ಲಿ ಹಿರಿಯರು ಕತ್ತಲಾದ ಮೇಲೆ ಉಣ್ಣುವುದಿಲ್ಲ. ಅತ್ತೆ ಮಳೆಗಾಲದ ನಾಲ್ಕು ತಿಂಗಳು ಇನ್ನೂ ಒಂದು ಹೆಜ್ಜೆ ಮುಂದೆ. ದಿನಕ್ಕೆ ಒಂದೇ ಊಟ. ಕೂತಲ್ಲಿಂದ ಎದ್ದರೆ ಮುಗಿಯಿತು. ಹೊತ್ತು ಮುಳುಗಿದರೆ ಮರುದಿನದವರೆಗೆ ನೀರೂ ಇಲ್ಲ. ಆ ದಿನ ಡಾಕ್ಟರರಲ್ಲಿ ಜನವೋ ಜನ. ಹೊರಟಾಗ ಸಂಜೆ ಐದು. ಅತ್ತೆ ಬೆಳಗಿನಿಂದ ಖಾಲಿ ಹೊಟ್ಟೆ. ಮನೆಯಲ್ಲಿ ಮಾವ ಅಡುಗೆ ಮಾಡಿಟ್ಟು, ತಾವೂ ಉಣ್ಣದೆ ಕಾಯುತ್ತಿದ್ದರು. ಹೊತ್ತಿಗೆ ಸರಿಯಾಗಿ ತಲುಪಿಸುತ್ತೇನೆಂದು ಅವರಿಗೆ ಫೋನಿನಲ್ಲಿ ಮಾತು ಕೊಟ್ಟೆ.

ಇಷ್ಟೆಲ್ಲ ಗೊತ್ತಿದ್ದೂ ಪುಂಜಾಲಕಟ್ಟೆಯಲ್ಲಿ ಗೋಳಿಬಜೆಯ ವಾಸನೆಗೆ ಕಾರು ನಿಲ್ಲಿಸಿದ ಪಾಪಿ ನಾನು. ಟಯರು ನೋಡಿ ಬರುತ್ತೇನೆಂದು ಅತ್ತೆಗೆ ಹೇಳಿ, ಹೋಟೆಲಿನ ಗೋಡೆಯ ಮರೆಯಲ್ಲಿ ಒಂದು ಪ್ಲೇಟು ಮುಗಿಸಿದೆ. ಆಗಷ್ಟೇ ಮಳೆ ಬಿಟ್ಟಿತ್ತು, ಎಲ್ಲೆಲ್ಲೂ ಕೆಸರು. ಮಳೆಗಾಲದಲ್ಲಿ ನಮ್ಮ ಕಡೆ ಕಾಲೊರೆಸಲು ಪ್ರತಿ ಹೊಸ್ತಿಲಿಗೂ ಒಂದು ಗೋಣಿಚೀಲ ಇರುತ್ತದೆ. ಹೊಸ ಕಾರಿಗೆ ಬೇಡವೇ? ಡಿಕ್ಕಿಯಲ್ಲಿದ್ದ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಕಾಲಡಿಗೆ ತುರುಕಿ, ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು, ಸ್ಟಾರ್ಟ್ ಬಟನ್ ಒತ್ತಿದೆ.

ಕಾರು ಉಸಿರೆತ್ತಲಿಲ್ಲ. ಬಿಟ್ಟು ಒತ್ತಿದೆ, ದೇವರನ್ನು ನೆನೆದು ಒತ್ತಿದೆ. ಕ್ಲಚ್ ಮೆಟ್ಟು ಎಂದು ಎದುರಿನ ಪರದೆ ಮತ್ತೆ ಮತ್ತೆ ಬುದ್ಧಿ ಹೇಳುತ್ತಿತ್ತು. ಮೆಟ್ಟಿಕೊಂಡೇ ಇದ್ದೇನಲ್ಲ ಎಂದು ನನಗೆ ಸಿಟ್ಟೇ ಬಂತು.

ಪಕ್ಕದ ಆಟೋದವರು ಬಂದು ಬಾನೆಟ್ ಎತ್ತಿಸಿ, "ಬ್ಯಾಟರಿ ಹೋಗಿದೆ ಮಾರಾಯ್ರೆ" ಎಂದರು. ಹಾರ್ನ್ ಒತ್ತಿ ತೋರಿಸಿದೆ. ಪೇಟೆಯೇ ತಿರುಗಿ ನೋಡಿತು. ಹಾಗಾದರೆ ಫ್ಯೂಸ್ ಎಂದರು. ಅದು ಎಲ್ಲಿದೆಯೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹೋಟೆಲಿನವರೂ ಸೇರಿ ದೂಡಿದರು. ಕಾರು ಹತ್ತು ಮಾರು ಮುಂದೆ ಹೋಗಿ ಮತ್ತೆ ನಿಂತಿತು.

ಅತ್ತೆಯನ್ನು ತಾವೇ ನಾರಾವಿಗೆ ಬಿಡುವುದಾಗಿ ಆಟೋದವರು ಮೊದಲೇ ಹೇಳಿದ್ದರು. ಹೊಸ ಕಾರು ಇಟ್ಟುಕೊಂಡು ಆಟೋದಲ್ಲಿ ಕಳಿಸಿದರೆ ನನ್ನ ಮರ್ಯಾದೆ ಏನಾಗಬೇಕು? ಐದೇ ನಿಮಿಷ ಎಂದೆ. ಮಾವನ ಫೋನು ಬಂದಾಗಲೂ ಅದನ್ನೇ ಹೇಳಿದೆ. ಹಾಗೆ ಐದೈದಾಗಿ ಒಂದು ಗಂಟೆ ಹೋಯಿತು.

ಕಣ್ಣಿಗೆ ಬಿಟ್ಟ ಔಷಧಿಯಿಂದ ಅತ್ತೆಗೆ ಎಲ್ಲ ಮಂಜು. ಹೊತ್ತು ಎಷ್ಟು ಉಂಟು ಎಂದು ಕೇಳುತ್ತಿದ್ದರು; ಧಾರಾಳ ಉಂಟು ಎನ್ನುತ್ತಿದ್ದೆ. ಕೊನೆಗೆ ಅವರೇ ಬಾಗಿಲು ತೆಗೆದು ಇಳಿದರು.

"ಕಾಗೆಗಳು ಮರಕ್ಕೆ ಬಂದವು ಮಗಾ. ನನಗೆ ಮಂಜಾದದ್ದು ಕಣ್ಣು, ಕಿವಿ ಅಲ್ಲ. ಎರಡು ಬಾಳೆಹಣ್ಣು, ಒಂದು ಬೊಂಡ ತಾ. ಕೂರಲಿಕ್ಕೆ ಏನಾದರೂ ಹಾಸು."

ಹಣ್ಣು, ಎಳನೀರು ತಂದೆ. ಕಾಲಡಿಯ ಗೋಣಿಯನ್ನು ಎಳೆದು, ಕೊಡವಿ, ಹೋಟೆಲಿನ ಜಗಲಿಯಲ್ಲಿ ಮಗುಚಿ ಹಾಸಿದೆ. ಅತ್ತೆ ಕೂತು ಕೈಮುಗಿದು ಹಣ್ಣು ಸುಲಿದರು. ನಾನು ಕಾರಿನ ದೀಪ ಆರಿಸಲು ಹೋಗಿ, ಅಭ್ಯಾಸಬಲದಿಂದ ಕ್ಲಚ್ ಮೆಟ್ಟಿದೆ. ಪೆಡಲು ಮೊದಲಿಗಿಂತ ನಾಲ್ಕು ಬೆರಳು ಹೆಚ್ಚೇ ಕೆಳಗೆ ಹೋಯಿತು. ಬಟನ್ ಒತ್ತಿದರೆ ಇಂಜಿನು ಗುರ್ರೆಂದಿತು.

"ಅತ್ತೆ, ಏಳಿ, ಹೋಗುವ" ಎಂದು ಕೂಗಿದೆ. ಅವರು ಏಳಲಿಲ್ಲ, ಸುಮ್ಮನಿರು ಎಂದು ಕೈ ಎತ್ತಿದರು. ಮೊದಲ ತುತ್ತು ಬಾಯಿಗೆ ಹೋಗಿತ್ತು. ಆಟೋದವರು ಒಮ್ಮೆ ಗೋಣಿಯನ್ನು, ಒಮ್ಮೆ ಪೆಡಲನ್ನು, ಕೊನೆಗೆ ನನ್ನನ್ನು ನೋಡಿ, ನಗು ತಡೆದುಕೊಳ್ಳುತ್ತ ಅತ್ತ ತಿರುಗಿದರು.

ನಾರಾವಿ ತಲುಪುವಾಗ ಕತ್ತಲಾಗಿತ್ತು. ಮಾವ ಬಾಗಿಲಲ್ಲೇ ನಿಂತಿದ್ದರು. ಕಾರಿಗೆ ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು:

"ಕಾರು ಸರಿ ಉಂಟು. ಪುಂಜಾಲಕಟ್ಟೆಯಲ್ಲಿ ಇವ ಗೋಳಿಬಜೆ ತಿಂದ, ನಾನು ಬಾಳೆಹಣ್ಣು ತಿಂದೆ. ಇವ ಹೇಗೂ ರಾತ್ರಿ ಉಣ್ಣುವವ. ಮಾಡಿದ್ದು ಹಾಳಾಗುವುದು ಬೇಡ, ಬಡಿಸಿ."

ಬೇಡವೆಂದರೂ ಮಾವ ಬಿಡಲಿಲ್ಲ. ಹೆಸರುಬೇಳೆ ಪಾಯಸ ಎರಡು ಸಲ ಬಡಿಸಿದರು. ಹಸಿದ ಇಬ್ಬರು ಹಿರಿಯರ ಎದುರು ಕೂತು, ಅವರ ಪಾಲಿನದನ್ನೂ ಸೇರಿಸಿ ನಾನೊಬ್ಬನೇ ಉಂಡೆ.