ಗೋಪಾಲಮ್ಮನ ಕೈಗುಣ

ಗೋಪಾಲಮ್ಮ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಐವತ್ತೆಂಟನೇ ಇಸವಿಯ ಶ್ರಾವಣದಲ್ಲಿ, ಒಂದು ಸೋಮವಾರ. ಯಲಹಂಕದ ನಮ್ಮ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೇಳಲು ಗಂಡ ನರಸಯ್ಯನ ಜೊತೆ ಬಂದಿದ್ದಳು. ಅವನಿಗೆ ರೈಲ್ವೆಯಲ್ಲಿ ಹಳಿ ನೋಡುವ ಕೆಲಸ. ಹಿತ್ತಲಲ್ಲಿ ನನ್ನ ಮಲ್ಲಿಗೆ ಬಳ್ಳಿ, ಕರಿಬೇವಿನ ಗಿಡ ಕಂಡು ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ಗಿಡಕ್ಕೆ ನೀರು ಹಾಕು ಅಂತ ಒಂದು ಮಾತ್ರ ಹೇಳ್ಬೇಡಿ ದೊಡ್ಡಮ್ಮ. ನನ್ನ ಕೈಗುಣ ಸರಿಯಿಲ್ಲ. ನಾನಿದ್ದ ಕಡೆ ಗಿಡ ಉಳಿಯಲ್ಲ.”

ಮನೆ ಕೇಳಲು ಬಂದವಳು ತನ್ನ ದೋಷವನ್ನು ತಾನೇ ಏಕೆ ಹೇಳಿಕೊಳ್ಳಬೇಕು? ನನಗೆ ಆಗಲೇ ಅನುಮಾನ. ಆದರೂ ಮನೆ ಕೊಟ್ಟೆ.

ಗಿಡವೊಂದು ಬಿಟ್ಟು ಮಿಕ್ಕಿದ್ದರಲ್ಲೆಲ್ಲ ಅವಳ ಕೈ ಓಡುತ್ತಿತ್ತು. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಬಳಿದಳು. ಕೆಳಗೆ ಒಂದು ಮೊಳ ಕೆಮ್ಮಣ್ಣಿನ ಪಟ್ಟಿ. ಬಾಗಿಲಿಗೆ ಮಾವಿನೆಲೆಯ ಬದಲು ಹಸಿರು ಬಟ್ಟೆಯ ಎಲೆಗಳ ತೋರಣ. ಒಡೆದ ಬಳೆಗಳನ್ನು ದೀಪದ ಉರಿಗೆ ಹಿಡಿದು ಬಗ್ಗಿಸಿ, ಸರ ಮಾಡಿ ಕಿಟಕಿಗೆ ಇಳಿಬಿಟ್ಟಳು. ಒಲೆಯ ಹೊಗೆ ಹಿಡಿದ ಗೋಡೆಗೆ ಹದಿನೈದು ದಿನಕ್ಕೊಮ್ಮೆ ಮತ್ತೆ ಸುಣ್ಣ. ಬೀದಿಯ ಹೆಂಗಸರು ನೋಡಿಹೋಗಲೆಂದೇ ಬರುತ್ತಿದ್ದರು.

ದೀಪಾವಳಿ ಹೊತ್ತಿಗೆ ಕರಿಬೇವು ಹಳದಿಯಾಯಿತು. ಸಂಕ್ರಾಂತಿಗೆ ಮಲ್ಲಿಗೆ ಒಣಗಿತು. ಎದುರುಮನೆಯ ಲಕ್ಷ್ಮಿದೇವಮ್ಮ ಬಾವಿಕಟ್ಟೆಯಲ್ಲಿ ಎಲ್ಲರೆದುರೇ ಕೇಳಿದಳು: “ಅಲ್ಲಾ ಕಣಮ್ಮಿ, ಎರಡು ಬಸಿರು ನಿಲ್ಲಲಿಲ್ಲ ಅಂದೆ. ಈಗ ಗಿಡಾನೂ ಇಂಗೇ. ಅದೇನು ಕೈಯೋ, ಕಾಡ್ಗಿಚ್ಚೋ?”

ನಾಲ್ಕು ಜನ ನಕ್ಕರು. ಗೋಪಾಲಮ್ಮ ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದುಬಿಟ್ಟಳು. ಅಂದಿನಿಂದ ಅವಳು ಯಾರ ಮಗುವನ್ನೂ ಎತ್ತಿಕೊಳ್ಳಲಿಲ್ಲ.

ಬೇಕೆಂದೇ ಬುಡಕ್ಕೆ ಏನೋ ಸುರಿಯುತ್ತಿದ್ದಾಳೆ ಎಂದು ನನ್ನ ಎಣಿಕೆ. ಕಿಟಕಿಯಿಂದ ಕಾಯತೊಡಗಿದೆ. ಒಂಬತ್ತನೆಯ ದಿನ ಕಂಡಿತು. ಗೋಡೆ ಬಳಿದಾದ ಮೇಲೆ ಸುಣ್ಣದ ಮಡಕೆ ತೊಳೆದು ನೀರನ್ನು ಬಚ್ಚಲಿಗೆ ಸುರಿದಳು. ನಮ್ಮ ಬಚ್ಚಲ ನೀರು ಹೋಗುವುದು ಗಿಡಗಳ ಬುಡಕ್ಕೆ. ಅವಳು ಇಲ್ಲದಾಗ ಕೆದಕಿ ನೋಡಿದೆ. ಮಣ್ಣಿನಲ್ಲಿ ಒಂದು ಬೆರಳು ದಪ್ಪ ಸುಣ್ಣ ಹೆಪ್ಪುಗಟ್ಟಿತ್ತು. ತೊಳೆದ ನೀರು ಅಂಗಳಕ್ಕೆ ಚೆಲ್ಲಬೇಡ, ಬಚ್ಚಲಿಗೇ ಹಾಕು ಎಂದು ಮೊದಲ ವಾರದಲ್ಲೇ ಹೇಳಿದವಳು ನಾನು.

ಮಣ್ಣು ಮುಚ್ಚಿ ಒಳಗೆ ಬಂದೆ. ಇನ್ನು ಮೇಲೆ ಬೀದಿ ಮೋರಿಗೆ ಹಾಕು ಎಂದೆನೇ ಹೊರತು ಏಕೆಂದು ಹೇಳಲಿಲ್ಲ. ನಾಳೆ ಹೇಳೋಣ ಎನ್ನುತ್ತಲೇ ನಾಲ್ಕು ತಿಂಗಳಾಯಿತು.

ಆಮೇಲೆ ನನ್ನ ಮಗಳು ರಾಮಲಕ್ಷ್ಮಮ್ಮನ ಮಗುವಿಗೆ ನಾಮಕರಣ ಬಂತು. ಗೋಪಾಲಮ್ಮ ಎಂಟು ದಿನ ಕೂತು ತೊಟ್ಟಿಲಿಗೆ ಐದು ಬಟ್ಟೆ ಗಿಳಿ ಹೊಲಿದಳು. ಗಂಡ ಸತ್ತವಳಾದ್ದರಿಂದ ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಅವಳು ಗಿಳಿ ಕಟ್ಟಲು ತೊಟ್ಟಿಲ ಹತ್ತಿರ ಹೋದಳು.

“ನೀನ್ ಬ್ಯಾಡ, ಇತ್ಲಾಗ್ ಕೊಡು. ನಾನ್ ಕಟ್ತೀನಿ,” ಎಂದಳು ಲಕ್ಷ್ಮಿದೇವಮ್ಮ.

ಮಗಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಗೋಪಾಲಮ್ಮ ಗಿಳಿಗಳನ್ನು ಕೊಟ್ಟು ಬಂದು ನನ್ನ ಪಕ್ಕದಲ್ಲಿ ನಿಂತಳು.

ವಾರದೊಳಗೆ ಅವರು ಯಶವಂತಪುರದಲ್ಲಿ ಮನೆ ನೋಡಿಕೊಂಡರು. ಗಾಡಿಗೆ ಪಾತ್ರೆ ಏರಿಸುತ್ತ ನರಸಯ್ಯ ದನಿ ತಗ್ಗಿಸಿ ಹೇಳಿದ: “ಈಗ ಅವಳಿಗೆ ಮೂರು ತಿಂಗಳು ದೊಡ್ಡಮ್ಮ. ಇದೂ ನನ್ನ ಕೈಯಿಂದಾನೇ ಕೆಡುತ್ತೆ ಅಂತ ಅಳ್ತಾಳೆ. ಹೊಟ್ಟೆ ಮೇಲೆ ಕೈ ಇಟ್ಕೊಳ್ಳಲ್ಲ.”

ನನಗೆ ನಿಲ್ಲಲಾಗಲಿಲ್ಲ. ಅವಳನ್ನು ಹಿತ್ತಲಿಗೆ ಕರೆದೊಯ್ದು ಬುಡ ಕೆದಕಿ ತೋರಿಸಿದೆ.

“ಕೈಗುಣ ಅಲ್ಲ ಕಣೇ, ಸುಣ್ಣ. ಬಚ್ಚಲಿಗೆ ಹಾಕು ಅಂದೋಳು ನಾನು. ನಿನ್ನ ಕೈಯಲ್ಲಿ ಏನೂ ಇಲ್ಲ.”

ಅವಳು ಆ ಬಿಳಿ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

“ಅತ್ತೆ ಮನೇಲೂ ಬಚ್ಚಲಿಗೇ ಹಾಕ್ತಿದ್ದೆ,” ಎಂದಳು. ಅಂಗೈ ಹೊಟ್ಟೆಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಮತ್ತೆ ನನ್ನ ಕಡೆ ತಿರುಗಿದಳು.

“ಇದು ನಿಮ್ಗೆ ಯಾವತ್ತು ಗೊತ್ತಾಯ್ತು ದೊಡ್ಡಮ್ಮ?”