ಎಡಕ್ಕೆ ಬಂದು ಅಡಗಿದ ಸದ್ದು

“ಇದನ್ನೂ ರಿಟರ್ನ್ ಮಾಡೋಣ, ಎಡಗಡೆ ಸ್ಪೀಕರ್ ಕೆಲಸ ಮಾಡ್ತಿಲ್ಲ” ಎಂದೆ. ಮಗಳ ಗೇಮಿಂಗ್‌ಗೆಂದು ತಂದ ಸರೌಂಡ್ ಸೌಂಡ್ ಹೆಡ್‌ಸೆಟ್ ಅದು. ಸೆಟ್ಟಿಂಗ್ಸ್ ಎಲ್ಲ ನಾನೇ ಮಾಡಿ, ಪರೀಕ್ಷಿಸಲು ಕೂತಿದ್ದೆ. ಹೆಲಿಕಾಪ್ಟರ್ ಸದ್ದು ತಲೆಯ ಸುತ್ತ ಸುತ್ತಬೇಕು. ಎಡಕ್ಕೆ ಬರುತ್ತಲೇ ಅಡಗಿಹೋಗುತ್ತಿತ್ತು. ಹಿಂದಿನ ಹೆಡ್‌ಸೆಟ್ಟನ್ನೂ ಇದೇ ದೂರು ಹೇಳಿ ಅಂಗಡಿಗೆ ಮರಳಿಸಿದ್ದೆ.

ಮಗಳು ಹಾಕಿಕೊಂಡು ಕೇಳಿದಳು. “ಇಟ್ಸ್ ಫೈನ್ ಅಪ್ಪಾ. ನೀನು ಉಲ್ಟಾ ಹಾಕ್ಕೊಂಡು ನೋಡು” ಎಂದಳು.

ಹಾಕಿಕೊಂಡೆ. ಈಗ ನನ್ನ ಎಡಗಿವಿಯ ಮೇಲಿದ್ದದ್ದು ಬಲಗಡೆಯ ಸ್ಪೀಕರ್. ಆದರೂ ಸದ್ದು ಎಡಕ್ಕೇ ಅಡಗಿತು. ಕೆಟ್ಟಿದ್ದು ಹೆಡ್‌ಸೆಟ್ ಅಲ್ಲ, ನನ್ನ ಕಿವಿ.

ಆಗ ನೆನಪಾದದ್ದು ಮೈಸೂರು. ಇಲ್ಲಿ ಅಮೆರಿಕದ ಏಪೆಕ್ಸ್ ಊರಿನಲ್ಲಿ ಕಾರಿನ ಸ್ಟೀರಿಂಗ್ ಎಡಕ್ಕಿರುವುದರಿಂದ ಹೆಂಡತಿ ನನ್ನ ಬಲಕ್ಕೆ ಕೂರುತ್ತಾಳೆ, ದಾರಿಯುದ್ದಕ್ಕೂ ಮಾತಾಡುತ್ತೇವೆ. ಕಳೆದ ರಜೆಯಲ್ಲಿ ಮೈಸೂರಿನಲ್ಲಿ ಭಾವನ ಕಾರು ಓಡಿಸಿದೆ. ಅಲ್ಲಿ ಅವಳು ನನ್ನ ಎಡಕ್ಕೆ ಕೂತಿದ್ದಳು. ಮನೆ ಮುಟ್ಟುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು. “ಊರಿಗೆ ಬಂದ್ರೆ ಸಾಕು, ನಿಮಗೆ ನಾನು ಲೆಕ್ಕಕ್ಕೇ ಇಲ್ಲ” ಎಂದಿದ್ದಳು. ಕಾರಣವಿಲ್ಲದೆ ಜಗಳ ತೆಗೆಯುತ್ತಾಳೆಂದು ನಾನೂ ರೇಗಿದ್ದೆ. ಉಳಿದ ರಜೆಯೆಲ್ಲ ಎಷ್ಟು ಬೇಕೋ ಅಷ್ಟೇ ಮಾತು.

ಡಾಕ್ಟರ ಬಳಿ ಹೋಗುವ ಮೊದಲೇ ಅವಳಿಗೆ ಎಲ್ಲ ಹೇಳಿ, ಅಂದು ಕಾರಿನಲ್ಲಿ ನೀನು ಏನು ಹೇಳಿದ್ದೆ ಎಂದು ಕೇಳಿದೆ. “ನೆನಪಿಲ್ಲ ಬಿಡಿ” ಎಂದು ಸೋಫಾದಿಂದ ಎದ್ದವಳು, ಸುತ್ತಿ ಬಂದು ನನ್ನ ಬಲಗಡೆ ಕೂತಳು.